ಚೀಟಿಯಲ್ಲಿ ಬರೆಯದ ಸಾಲು

ಪ್ಲಾಸ್ಟರಿನ ಪುಡಿ ಮತ್ತೆ ಮೂಗಿಗೆ ಹೋಯಿತು, ಸೀನು ಬರುತ್ತಿದೆ, ಬಂತು, ಇಲ್ಲ, ಬರಲಿಲ್ಲ — ಅರ್ಧಕ್ಕೆ ನಿಂತ ಸೀನಿನಷ್ಟು ಕೆಟ್ಟದ್ದು ಲೋಕದಲ್ಲಿ ಇನ್ನೊಂದಿಲ್ಲ — ಉಜ್ಜುವ ಅರ ಕೆಳಗಿಟ್ಟು ಮುಂಗೈಯಿಂದ ಮೂಗು ಒರೆಸಿಕೊಂಡಳು, ಎದುರಿಗೆ ಕಬ್ಬಿಣದ ಇಕ್ಕಳದಲ್ಲಿ ಸಿಕ್ಕಿಸಿದ ಕಾಲಿನ ಬಿಳಿ ಅಚ್ಚು ಯಾರೋ ಬಸ್ ಕಂಡಕ್ಟರನದು, ಮೊಣಕಾಲ ಕೆಳಗೆ ನಾಲ್ಕು ಬೆರಳಷ್ಟೇ ಉಳಿದಿದೆ ಪಾಪ, ಇನ್ನೆರಡು ಸುತ್ತು ಉಜ್ಜಿದರೆ ಸಾಕು, ಇಪ್ಪತ್ತೆರಡು ವರ್ಷದಿಂದ ಕೃತಕ ಕಾಲು ಮಾಡುತ್ತಿರುವ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಗುತ್ತದೆ, ತಕರಾರೆಲ್ಲ ತಲೆಯದು. ಗಂಟೆ ಮೂರೂವರೆ. ಐದಕ್ಕೆ ಪ್ರಾರ್ಥನಾಕೂಟ, ಏಪ್ರನ್ನಿನ ಜೇಬಿನಲ್ಲಿ ದ್ವೀಪದಕ್ಕನ ಕಾಗದ, ಚೀಟಿ ಇನ್ನೂ ಬರೆದಿಲ್ಲ. ಚೀಟಿ ಬರೆಯುವುದು ಒಂಬತ್ತು ವರ್ಷದಿಂದ ಅವಳ ಪಾಲಿನ ಸೇವೆ, ನಿನ್ನ ಅಕ್ಷರ ಮುತ್ತಿನ ಹಾಗಿದೆ ಕಣಮ್ಮ ಎಂದು ದೊಡ್ಡಮ್ಮ ಹೊರಿಸಿದ್ದು — ದೊಡ್ಡಮ್ಮ ಎಂದರೆ ಕೂಟದ ಹಿರಿಯಳು, ಯಾರಿಗೂ ಸ್ವಂತ ದೊಡ್ಡಮ್ಮನಲ್ಲ, ಅದಕ್ಕೇ ಎಲ್ಲರಿಗೂ ದೊಡ್ಡಮ್ಮ — ದೂರದಲ್ಲಿರುವ ಮಿಷನರಿಗಳ ಕಾಗದ ಬಂದರೆ ಒಂದೊಂದು ಕೋರಿಕೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಬುಟ್ಟಿಗೆ ಹಾಕಬೇಕು, ಬಂದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ವಾರವೆಲ್ಲ ಅದಕ್ಕಾಗಿ ಪ್ರಾರ್ಥಿಸಬೇಕು. ಚೀಟಿಯಲ್ಲಿ ಇದ್ದದ್ದಕ್ಕೆ ಮಾತ್ರ, ಇಲ್ಲದ್ದು ಅವರಿಗೆ ಹೇಗೆ ಗೊತ್ತಾಗಬೇಕು.

ದ್ವೀಪದಕ್ಕ ಇದೇ ಸಭೆಯಿಂದ ಹೋದ ನರ್ಸು, ಹೋಗಿ ಹದಿನಾಲ್ಕು ವರ್ಷವಾಯಿತು, ಆಸ್ಪತ್ರೆಯ ಸೂರು ಸೋರುತ್ತಿದೆ ಎಂದು ಬರೆದಳು, ಇವಳು ಚೀಟಿ ಬರೆದಳು, ಸೂರಿಗೆ ತಗಡು ಬಂತು, ದೋಣಿಯ ಮೋಟಾರು ಕೆಟ್ಟಿದೆ, ಚೀಟಿ, ಮೋಟಾರು ಓಡಿತು, ನನ್ನ ಸೊಂಟನೋವಿಗೂ ಸ್ವಲ್ಪ ಪ್ರಾರ್ಥಿಸಿ, ಚೀಟಿ, ಸೊಂಟವೂ ನೆಟ್ಟಗಾಯಿತು — ಏಳು ತಿಂಗಳ ಹಿಂದಿನ ಕಾಗದದ ಕೊನೆಯ ಸಾಲೊಂದೇ ಉಳಿದದ್ದು, ಇಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿ ಕಾಲು ಕಳೆದುಕೊಂಡವರು ಬಹಳ ಜನ, ಕಾಲು ಮಾಡಬಲ್ಲವರು ಒಬ್ಬರು ಬಂದು ಇರುವಂತೆ ಕೇಳಿಕೊಳ್ಳಿ. ಅದನ್ನು ಬರೆಯಲಿಲ್ಲ. ಮರೆತೆ ಎಂದು ಮೊದಲ ವಾರ ತನಗೆ ತಾನೇ ಹೇಳಿಕೊಂಡಳು, ಎರಡನೆಯ ವಾರ ಚೀಟಿ ಸಾಲಲಿಲ್ಲ ಎಂದುಕೊಂಡಳು, ಮೂರನೆಯ ವಾರದಿಂದ ಏನೂ ಹೇಳಿಕೊಳ್ಳಲಿಲ್ಲ. ಬರೆದಿದ್ದರೆ ಮೂವತ್ತು ಕುತ್ತಿಗೆಗಳು ಒಟ್ಟಿಗೇ ಅವಳ ಕಡೆ ತಿರುಗುತ್ತಿದ್ದವು, ಕೂಟದಲ್ಲಿ ಕಾಲು ಮಾಡುವವಳು ಇನ್ಯಾರಿದ್ದಾರೆ. ಆಮೇಲೆ ಕೂಟದಲ್ಲಿ ಯಾರಾದರೂ ಕಾಲು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳ ಕೈ ಆ ಕಾಗದವಿದ್ದ ಜೇಬಿಗೆ ಹೋಗುತ್ತಿತ್ತು, ಕರ್ತನೇ ಕೆಲಸಕ್ಕೆ ಜನರನ್ನು ಕಳಿಸು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದವಳೂ ಇವಳೇ, ಕಣ್ಣು ಮುಚ್ಚಿ, ಹಾಲು ಕುಡಿಯುವ ಬೆಕ್ಕಿನ ಹಾಗೆ. ಹೆದರಿಕೆ, ಮತ್ತೇನೂ ಅಲ್ಲ. ನಲವತ್ತಾರು ವಯಸ್ಸು, ಈಜು ಬಾರದು, ಅಲ್ಲಿ ಕರೆಂಟು ದಿನಕ್ಕೆ ನಾಲ್ಕು ಗಂಟೆ, ಒಲೆ ಕಾಯುವಷ್ಟರಲ್ಲಿ ಹೋಗಿಬಿಟ್ಟರೆ ಅಚ್ಚಿನ ಮೇಲೆ ಎಳೆಯುವ ಪ್ಲಾಸ್ಟಿಕ್ಕು ಅರ್ಧಂಬರ್ಧ ಮೆತ್ತಗಾಗಿ ಯಾವ ಕಾಲಿಗೂ ಕೂರುವುದಿಲ್ಲ, ಕೆಟ್ಟು ಬಂದರೆ ಜನ ಏನೆಂದಾರು. ಗಂಡನಾದರೂ ಬೇಡ ಎನ್ನುತ್ತಾನೆ ಎಂದು ಅವನ ಮೇಲೆ ಭಾರ ಹಾಕಿದ್ದಳು, ಗಡಿಯಾರ ರಿಪೇರಿಯ ಮನುಷ್ಯ, ಅಂಗಡಿ ಬಿಟ್ಟು ಅಲುಗಾಡುವವನಲ್ಲ, ನಿನ್ನೆ ತಡೆಯಲಾರದೆ ಹೇಳಿದರೆ ಕಣ್ಣಿನ ಭೂತಗನ್ನಡಿ ತೆಗೆಯದೆಯೇ, ಹೋಗೋದಾದ್ರೆ ಹೇಳು, ಗಡಿಯಾರ ಅಲ್ಲೂ ಕೆಡುತ್ತೆ, ಎಂದುಬಿಟ್ಟ. ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ಊಟಕ್ಕೆ ಬಡಿಸುವಾಗ ತಟ್ಟೆ ಕುಕ್ಕಿದಳು.

ಬೆಳಿಗ್ಗೆ ಈ ಕಾಗದ. ಕಾಲು ಮಾಡುವವರಿಗಾಗಿ ನೀವೆಲ್ಲ ಪ್ರಾರ್ಥಿಸುತ್ತಿದ್ದೀರಿ ಎಂದು ಇಲ್ಲಿ ಒಬ್ಬ ಹೆಂಗಸಿಗೆ ಹೇಳಿದೆ — ಅಯ್ಯೋ, ಹೇಳಿಬಿಟ್ಟಿದ್ದಾಳೆ — ಹಾಗಾದರೆ ಅಳತೆ ಕಳಿಸಲೇಬೇಕು ಎಂದು ಹಠ ಹಿಡಿದಳು, ಜೊತೆಗಿಟ್ಟಿದ್ದೇನೆ. ಒಳಗೆ ಹಳೆಯ ಕ್ಯಾಲೆಂಡರಿನ ಹಾಳೆ, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಎಳೆದ ಒಂದು ಎಡಪಾದ, ಐದು ಬೆರಳು, ಕಿರುಬೆರಳು ಒಳಕ್ಕೆ ಬಾಗಿದೆ, ಬಲಪಾದ ಇರಬೇಕಾದಲ್ಲಿ ಒಂದು ಸಣ್ಣ ಸೊನ್ನೆ, ಏನದು ಎಂದು ತಿರುಗಿಸಿ ತಿರುಗಿಸಿ ನೋಡಿದಳು — ಊರುಗೋಲಿನ ತುದಿ. ನಿಂತುಕೊಂಡಿದ್ದಾಳೆ, ಯಾರೋ ಬಗ್ಗಿ ಪಾದದ ಸುತ್ತ ಪೆನ್ಸಿಲು ಎಳೆದಿದ್ದಾರೆ, ಇವಳು ಇದನ್ನೂ ಎಳಿ, ಇದನ್ನೂ, ಎಂದಿದ್ದಾಳೆ. ಪಾದದ ಅಳತೆಯಲ್ಲಿ ಕಾಲು ಮಾಡಲು ಬರುವುದಿಲ್ಲ ತಾಯಿ, ಇದೇನು ಚಪ್ಪಲಿಯೇ, ತುಂಡಾಗಿ ಉಳಿದ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅದು ಗಟ್ಟಿಯಾಗುವ ತನಕ ಎರಡು ಕೈಯಿಂದ ಹಿಡಿದುಕೊಂಡು ಕೂರಬೇಕು, ಎಲ್ಲಿ ಒತ್ತಿದರೆ ನೋವು ಎಂದು ಕೇಳಬೇಕು, ಕಾಗದದಲ್ಲಿ ಕೇಳಿದರೆ ಆಗದು, ಕೈ ಅಲ್ಲಿರಬೇಕು — ಸೊನ್ನೆ — ಅರ ಮತ್ತೆ ಕೈಗೆ ಬಂದದ್ದು ಯಾವಾಗ, ಕಂಡಕ್ಟರನ ಅಚ್ಚು ನುಣ್ಣಗಾಗಿದೆ, ಇನ್ನು ಉಜ್ಜಿದರೆ ಕೆಡುತ್ತದೆ. ಕೈ ತೊಳೆದುಕೊಂಡಳು.

ಸಭೆಯ ಹಿಂದಿನ ಕೋಣೆಯಲ್ಲಿ ಬೆಂಚುಗಳ ಕಿರಕಿರ, ಯಾರದೋ ಕೆಮ್ಮು, ಬುಟ್ಟಿ ತುಂಬ ಚೀಟಿ, ದಾರಿಯ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಬರೆದದ್ದು, ಈ ಸಲ ಎಲ್ಲವನ್ನೂ ಬರೆದಿದ್ದಾಳೆ, ಆ ಹಳೆಯ ಸಾಲನ್ನೂ, ಮುತ್ತಿನಂಥ ಅಕ್ಷರ ಕೊನೆಯ ಚೀಟಿಯಲ್ಲಿ ಮಾತ್ರ ಕೋಳಿ ಕೆದರಿದ ಹಾಗೆ, ಬುಟ್ಟಿ ಬೆಂಚಿನಿಂದ ಬೆಂಚಿಗೆ ಹೋಗುತ್ತಿದೆ, ಆ ಚೀಟಿ ಯಾರ ಕೈಗೆ ಹೋಗುತ್ತದೋ — ಎತ್ತಿಕೊಂಡದ್ದು ಕೂಟಕ್ಕೆ ಬರುವ ಪೋಸ್ಟ್‌ಮ್ಯಾನ್, ಓದಿದ, ಮತ್ತೆ ಓದಿದ, ಪೆದ್ದು ಮನುಷ್ಯನಲ್ಲ, ತಲೆಯೆತ್ತಿ ಅವಳನ್ನೇ ನೋಡಿದ. ಅವನು ಬಾಯಿ ತೆರೆಯುವ ಮೊದಲು ಅವಳೇ ಎದ್ದು ನಿಂತಿದ್ದಾಳೆ, ದ್ವೀಪಕ್ಕೆ ಕಾಲು ಮಾಡೋರು ಬೇಕು ಅಂತ ಏಳು ತಿಂಗಳ ಹಿಂದೆಯೇ ಬಂದಿತ್ತು ದೊಡ್ಡಮ್ಮ, ನಾನೇ ಬರೀಲಿಲ್ಲ, ಬರೆದ್ರೆ ನೀವೆಲ್ಲ ನನ್ನ ನೋಡ್ತೀರ ಅಂತ. ಬೈದರೆ ಬೈಯಲಿ, ಚೀಟಿಯ ಕೆಲಸ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಾಳೆ, ಒರೆಸುತ್ತಲೇ ಇದ್ದಾಳೆ, ಒಳ್ಳೇದೇ ಆಯ್ತು ಬಿಡು, ನೀನು ಬರೆದಿದ್ರೆ ನಾವು ಬೇರೆ ಯಾರನ್ನೋ ಕೊಡು ಅಂತ ಕೇಳಿಬಿಡ್ತಿದ್ವಿ, ನಿನ್ನ ಬಿಟ್ಟುಕೊಡೋಕೆ ನಮಗೆ ಮನಸ್ಸು ಬರ್ತಿತ್ತಾ. ಈಗ ಏನು ಕೇಳೋಣ ಹೇಳು. ಹೋಗ್ತೀನಿ, ಎಂದಳು, ಹೆದರಿಕೆ ಆಗ್ತಿದೆ, ಅದಕ್ಕೆ ಕೇಳಿ. ಪೋಸ್ಟ್‌ಮ್ಯಾನ್ ಜೇಬಿನಿಂದ ಪೆನ್ನು ತೆಗೆದು ಅದೇ ಚೀಟಿಯ ಬೆನ್ನಿಗೆ ಅವಳ ಹೆಸರು ಬರೆದುಕೊಂಡ, ಒಂಬತ್ತು ವರ್ಷದಲ್ಲಿ ಅವಳು ಯಾವ ಚೀಟಿಯಲ್ಲೂ ಬರೆಯದ ಹೆಸರು, ಮೂವತ್ತು ತಲೆಗಳು ಬಾಗಿದವು, ಅವಳ ಹೆಸರನ್ನು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ದೇವರಿಗೆ ಹೇಳುತ್ತಿದ್ದಾರೆ, ಅಳು ಬಂತು, ಅಳುವಿನ ಒಳಗೆ ಹಗುರ, ಎಷ್ಟೊಂದು ಹಗುರ, ಒಲೆ ಕೊಂಡೊಯ್ಯಬೇಕು, ಇಲ್ಲ, ಅಲ್ಲಿ ಸೌದೆ ಸಿಗುತ್ತದಲ್ಲ, ಮಿಲ್ಲಿದೆ, ಸೌದೆಯ ಒಲೆಯಲ್ಲೂ ಪ್ಲಾಸ್ಟಿಕ್ಕು ಕಾಯುತ್ತದೆ, ಪ್ಲಾಸ್ಟರ್ ಪಟ್ಟಿ ಎರಡು ಪೆಟ್ಟಿಗೆ, ಅರ ನಾಲ್ಕು, ದೋಣಿಯಲ್ಲಿ ನಡುವೆ ಕೂತರಾಯಿತು, ಇಳಿದ ಕೂಡಲೇ ಆ ಹೆಂಗಸನ್ನು ಕೇಳಬೇಕು, ಎಲ್ಲಿ ನಿಂತಿರುತ್ತಾಳೋ, ಮುಖ ಗೊತ್ತಿಲ್ಲ, ಹೇಗೆ ಗುರುತು ಹಿಡಿಯುವುದು, ಮರಳಿನ ಮೇಲೆ ನೋಡಿದರೆ ಸಾಕು, ಐದು ಬೆರಳು, ಬಾಗಿದ ಕಿರುಬೆರಳು, ಪಕ್ಕದಲ್ಲಿ ಒಂದು ಸೊನ್ನೆ, ಒಂದು ಪಾದ, ಒಂದು ಸೊನ್ನೆ, ಪಾದ, ಸೊನ್ನೆ, ನೀರಿನ ಅಂಚಿನ ತನಕ ಬಂದು ನಿಂತಿದೆ.