ಹಾಡಿಗೆ ಮುಂಚಿನ ಉಸಿರು

ಫ್ಯಾನು ನಿಂತರೂ ಅದರ ಗುಂಯ್ ಸದ್ದು ಕಿವಿಯಲ್ಲಿ ಇನ್ನೂ ತಿರುಗುತ್ತಲೇ ಇದೆ, ಅಥವಾ ಅದು ಗೋಳಗುಮ್ಮಟದ ಕಡೆಯ ಬಸ್ಸುಗಳ ಸದ್ದೋ, ಯಾವುದಾದರೂ ಇರಲಿ, ಗ್ರಾಮಫೋನಿನ ಮುಳ್ಳಿಗೆ ತಾಕದಿದ್ದರೆ ಸಾಕು ಎಂದು ಸುರೈಯಾ ಕಿಟಕಿ ಮುಚ್ಚುತ್ತಾಳೆ, ಬೆನ್ನಿನ ಮೇಲೆ ಬೆವರು ಇಳಿಯುತ್ತದೆ, ಇಳಿಯಲಿ, ನೆಲ ಅದುರಬಾರದು, ಮುಳ್ಳು ಹೊಸದು, ಹಾಡಿನ ಹಳೆಯ ತಟ್ಟೆಯನ್ನು ಸೋಪಿನ ನೀರಲ್ಲಿ ಮೆತ್ತಗೆ ತೊಳೆದು ನೆರಳಿನಲ್ಲಿ ಆರಿಸಿದ್ದಾಳೆ, ನಡುವಿನ ಕಾಗದಕ್ಕೆ ಒಂದು ಹನಿಯೂ ತಾಕಿಲ್ಲ, ಅಲ್ಲಿ ಅಮ್ಮಿಯ ಹೆಸರು ಇನ್ನೂ ಓದಲು ಬರುತ್ತದೆ — ಮದೀನಾಬಿ, ತಿಕೋಟಾ — ಮದುವೆಯ ಹಾಡು, ಸುರೈಯಾ ಹುಟ್ಟುವುದಕ್ಕೆ ಎಷ್ಟೋ ಮೊದಲು, ಅಮ್ಮಿ ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಯಾರೋ ಊರಿಗೆ ಬಂದು ಹಾಡಿಸಿಕೊಂಡು ಹೋದದ್ದು. ಬಬಲೇಶ್ವರದ ಹಳೆಯ ಚಹಾದಂಗಡಿ ಕೆಡವುವಾಗ ಅಟ್ಟದ ಮೇಲೆ ಸಿಕ್ಕಿತೆಂದು ಅಮ್ಮಿಯ ತಮ್ಮ ಅಯೂಬ ಮಾಮಾ ಚಾದರದಲ್ಲಿ ಸುತ್ತಿ ತಂದಿದ್ದ, ನೋಡ ಬೇಟಾ, ಸಂತಿ ದಿನ ಇದನ್ನ ಹಚ್ಚತಿದ್ರು, ಮಂದಿ ಚಾ ಆರಿದ್ರೂ ಕುಡೀದ ಕೇಳ್ಕೊಂತ ಕುಂಡ್ರತಿದ್ರು, ಸೀಳೈತಿ ಅಷ್ಟ, ಹುಷಾರ — ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕು, ಈ ಹಾಡಿನ ಇನ್ನೊಂದು ತಟ್ಟೆ ಎಲ್ಲಿಯೂ ಇಲ್ಲ.

ಮಂಚದ ಮೇಲೆ ಕುಳಿತ ಅಮ್ಮಿ ಏನೂ ಅನ್ನುವುದಿಲ್ಲ, ಅನ್ನಲಾಗುವುದಿಲ್ಲ, ಹೋದ ವರ್ಷ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು, ಕೊರಳಲ್ಲಿ ತೂತು, ತೂತಿನ ಮೇಲೆ ಬಿಳಿ ಅರಿವೆ, ಉಸಿರೆಲ್ಲ ಅಲ್ಲಿಂದಲೇ, ಆಪರೇಶನ್ನಿಗೆ ಒಳಗೆ ಒಯ್ಯುವಾಗ ಅಮ್ಮಿ ಕೊನೆಯದಾಗಿ ಆಡಿದ್ದೇನು, ಹಾಲ ಕಾಸಿಟ್ಟ ಬಂದೀಯೇನ ಬೇ, ಅಷ್ಟೇ, ಹ್ಞೂಂ ಅಮ್ಮಿ ಅಂದಿದ್ದಳು ಇವಳು, ಅಂಥ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ, ಅದಕ್ಕೇ ಈ ತಟ್ಟೆ, ಅದಕ್ಕೇ ನಿನ್ನೆ ಅಷ್ಟು ಖುಷಿ — ಸೀಳು ಬಂದಲ್ಲೆಲ್ಲ ಟಕ್ ಟಕ್ ಅನ್ನುತ್ತಲೇ ಮುಳ್ಳು ಕೊನೆಯವರೆಗೆ ಹೋಗಿತ್ತು, ಹಾಡು ಪೂರ್ತಿ ಲ್ಯಾಪ್‌ಟಾಪಿಗೆ ಇಳಿದಿತ್ತು, ಕೂತು ಟಕ್ ಟಕ್ ತೆಗೆದಳು, ಕರಕರ ತೆಗೆದಳು, ಹಿಂದೆ ಸುಂಯ್ ಅನ್ನುವುದನ್ನೂ ತೆಗೆದಳು, ಇನ್ನಷ್ಟು, ಮತ್ತಷ್ಟು, ಧ್ವನಿ ತೊಳೆದ ಗಾಜಿನ ಹಾಗಾಯಿತು, ಅದನ್ನೇ ಮೊದಲಿನದರ ಮೇಲೆ ಸೇವ್ ಮಾಡಿಬಿಟ್ಟಳು, ಮೂಲ ಅಳಿಸಿಹೋಯಿತು, ಹೋದರೆ ಹೋಗಲಿ, ಇದೇ ಚೆಂದ ಅಲ್ಲವೇ.

ಚೆಂದವೇ, ಆದರೆ ಅಮ್ಮಿ ಕೇಳಿ ಇದಲ್ಲವೆಂದು ತಲೆ ಅಲ್ಲಾಡಿಸಿದಳು, ಯಾಕ ಅಮ್ಮಿ, ನಿನ್ನ ಧ್ವನೀನ ಅಲ್ಲೇನ, ನಿನ್ನದಲ್ಲೇನ, ಹೌದೆಂದು ಅಮ್ಮಿ ಸನ್ನೆ ಮಾಡಿದಳು, ಮತ್ತೆ ಅಲ್ಲವೆಂದು ತಲೆ ಅಲ್ಲಾಡಿಸಿದಳು, ಎದೆ ತುಂಬ ಗಾಳಿ ಎಳೆದುಕೊಂಡು ತೋರಿಸಿದಳು, ಆಗ ಹೊಳೆಯಿತು, ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಏನೇನೂ ಇಲ್ಲ, ಸುಂಯ್ ಅನ್ನುವುದರ ಜೊತೆಗೆ ಉಸಿರೂ ಹೋಗಿಬಿಟ್ಟಿದೆ, ಯಂತ್ರ ತೆಗೆಯಿತು, ಯಂತ್ರವಲ್ಲ, ತಾನೇ ತೆಗೆದದ್ದು, ಒಂದೇ ಒಂದು ಸಲ ಉಸಿರಾಡದ ಹುಡುಗಿ ಮದುವೆಯ ಹಾಡು ಹಾಡುತ್ತಿದ್ದಳು, ಅದನ್ನು ಕೇಳಿದ ಮೇಲೆ ಅಮ್ಮಿ ರಾತ್ರಿ ಉಣ್ಣಲಿಲ್ಲ. ಫೋನಿನಲ್ಲಿ ಮಾಮಾ ಬೇಡವೆಂದ, ಇನ್ನೊಮ್ಮೆ ಹಚ್ಚಬ್ಯಾಡ ಬೇಟಾ, ಸೀಳ ಬಿಟ್ಟೀತು, ಬಂದಷ್ಟ ಇಟ್ಕೋ, ಹೌದು ಮಾಮಾ ಅಂದಳು, ಆದರೆ ಅಮ್ಮಿ ಬೆಳಿಗ್ಗೆ ಎದ್ದವಳೇ ಬಂದು ತಟ್ಟೆಯ ಮುಂದಿನ ಮಂಚದ ಮೇಲೆ ಕುಳಿತಳು, ಕೇಳ್ಕೋ ಅಮ್ಮಿ, ಒಡದ್ರ ಮತ್ತ ಸಿಗೂದಿಲ್ಲ, ಅಮ್ಮಿ ಮುಳ್ಳಿನ ಕಡೆಗೆ ಕೈ ತೋರಿಸಿದಳು, ಎರಡನೆಯ ಸಲ ಕೇಳಿದ್ದಕ್ಕೂ ಅದೇ ಕೈ.

ಮುಳ್ಳು ಇಳಿಸುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಕೆಂಪು ಚುಕ್ಕೆ ಉರಿಯುತ್ತಿದೆ, ಮೊದಲು ಹಾರ್ಮೋನಿಯಂ, ಆಮೇಲೆ ಡೋಲಕ್ಕು, ಟಕ್, ಟಕ್, ಹಿಡಿದುಕೋ ಅಲ್ಲಾಹ, ಸ್ವಲ್ಪ ಹೊತ್ತು ಹಿಡಿದುಕೋ, ಈಗ ಬಂತು, ಹಾಡು ಶುರುವಾಗುವುದಕ್ಕೆ ಮುಂಚೆ ಹುಡುಗಿ ಉಸಿರೆಳೆದುಕೊಂಡಳು, ಎಷ್ಟು ಹತ್ತಿರ, ಕೆನ್ನೆಗೆ ತಾಕಿದಂತೆ — ಟಣ್, ಕರಿಯ ಚೂರೊಂದು ಹಾರಿ ನೆಲಕ್ಕೆ ಬಿತ್ತು, ಮುಳ್ಳು ಜಿಗಿದು ಹಿಂದಿನ ಗೆರೆಗೇ ಬಿತ್ತು, ಹುಡುಗಿ ಮತ್ತೆ ಉಸಿರೆಳೆದುಕೊಂಡಳು, ಟಣ್, ಮತ್ತೆ ಉಸಿರು, ಎತ್ತಬೇಕು, ಎತ್ತಿದರೆ ಇದೂ ಹೋಗುತ್ತದೆ, ಎತ್ತದಿದ್ದರೆ ಗೆರೆ ಸವೆಯುತ್ತದೆ, ಕೈ ಚಾಚಿದಳು, ಅಮ್ಮಿ ಮಣಿಕಟ್ಟು ಹಿಡಿದುಕೊಂಡಳು, ಬಿಡಿಸಿಕೊಳ್ಳಲಾಗದ ಹಿಡಿತ, ಅಮ್ಮಿ ಇವಳನ್ನು ನೋಡುತ್ತಿಲ್ಲ, ತಟ್ಟೆಯನ್ನು ನೋಡುತ್ತಿದ್ದಾಳೆ, ಹುಡುಗಿ ಉಸಿರೆಳೆದಾಗ ತಾನೂ ಎಳೆಯುತ್ತಾಳೆ, ಬಿಳಿ ಅರಿವೆ ತೂತಿಗೆ ಅಂಟುತ್ತದೆ, ಬಾಯಿ ಹಾಡಿಗೆ ತೆರೆಯುತ್ತದೆ, ಟಣ್, ಹಾಡಿಲ್ಲ, ಅರಿವೆ ಅಂಟುತ್ತದೆ, ಬಾಯಿ ತೆರೆಯುತ್ತದೆ, ಟಣ್, ಅರಿವೆ, ಬಾಯಿ —