ನಮ್ಮ ಕೆರೆಯ ಗೇಟಿಗೆ ನಾವೇ ಕನ್ನ ಹಾಕಿದೆವು

ನೀರಿನ ಪಾಳಿ ತಪ್ಪಿದರೆ ಊರಲ್ಲಿ ಜಗಳ ಆಗುವುದು ಹೊಸದೇನಲ್ಲ. ಆದರೆ ಆ ದಿನ ಕರೆವ್ವ ಜಗಳಕ್ಕೆ ನಿಂತದ್ದು ಒಂದು ಮೊಬೈಲ್ ಆ್ಯಪಿನ ಜೊತೆಗೆ.

ಅಕ್ಕಿಆಲೂರಿನಿಂದ ಆಚೆಗೆ ನಮ್ಮ ಊರು. ಕೆರೆಯ ಕೆಳಗೆ ಬೇಸಿಗೆ ಭತ್ತ ಬೆಳೆಯುವವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಕಳೆದ ವರ್ಷ ಕಾಲುವೆಯ ಗೇಟುಗಳಿಗೆಲ್ಲ ಮೋಟಾರು ಕೂಡಿಸಿದೆವು. ಪಾಳಿ ಬಂದವರು ಫೋನಿನಲ್ಲಿ ಒತ್ತಿದರೆ ಸಾಕು, ಅವರ ಹೊಲದ ಗೇಟು ತಾನೇ ತೆರೆಯುತ್ತದೆ. ಸಲಿಕೆ ಹಿಡಿದು ಕೆಸರಿನಲ್ಲಿ ಓಡಾಡುವುದು ತಪ್ಪಿತು ಎಂದು ಎಲ್ಲರೂ ಹಿಗ್ಗಿದ್ದೇ ಹಿಗ್ಗಿದ್ದು.

ಕರೆವ್ವನ ಹೊಲ ಕಾಲುವೆಯ ತುದಿಗಿದೆ. ಭತ್ತ ಹೊಡೆ ಬಂದು ತೆನೆ ಹೊರಡುವ ಹೊತ್ತು, ಆಗ ನೀರು ತಪ್ಪಿದರೆ ತೆನೆಯೆಲ್ಲ ಜಳ್ಳು. ಪಾಳಿಯ ದಿನ ಅವಳು ಫೋನು ಒತ್ತಿ ಬದುವಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತು ಹರಿದ ನೀರು ತಟ್ಟನೆ ನಿಂತಿತು. ಮತ್ತೆ ಎಷ್ಟು ಒತ್ತಿದರೂ ಗೇಟು ಅಲುಗಲಿಲ್ಲ. ಆ್ಯಪಿನಲ್ಲಿ ಮಾತ್ರ ಹಸಿರು ಅಕ್ಷರದಲ್ಲಿ 'ನಿಮ್ಮ ಪಾಳಿಯ ನೀರು ಪೂರ್ತಿ ಕೊಡಲಾಗಿದೆ' ಎಂದು ಬಂತು.

ಅವಳು ನೇರವಾಗಿ ಸಂಘದ ಕಟ್ಟೆಗೆ ಬಂದಳು. ಅಧ್ಯಕ್ಷ ಪರಮೇಶ್ವರಪ್ಪ ಮತ್ತು ಆ್ಯಪ್ ಮಾಡಿಕೊಟ್ಟ ಕಂಪನಿಯ ಚನ್ನೇಶ ಚಹಾ ಕುಡಿಯುತ್ತ ಕುಳಿತಿದ್ದರು. ನಾವು ನಾಲ್ಕಾರು ಸದಸ್ಯರೂ ಅಲ್ಲೇ ಇದ್ದೆವು.

"ಯಜಮಾನ್ರ, ನನ್ನ ನೀರು ಯಾರೋ ನಿಲ್ಸ್ಯಾರ್ರಿ. ಅರ್ಧ ಹೊಲಾನೂ ತೊಯ್ದಿಲ್ಲ," ಎಂದಳು.

ಚನ್ನೇಶ ಲ್ಯಾಪ್‌ಟಾಪ್ ತೆರೆದು ನೋಡಿದ. "ಇಲ್ಲಿ ಪೂರ್ತಿ ಕೊಟ್ಟೈತಿ ಅಂತ ಐತಲ್ಲಬೇ. ಕಂಪ್ಯೂಟರ್ ಸುಳ್ಳು ಹೇಳ್ತೈತೇನು? ನೀ ಬದುವಿನ ಮ್ಯಾಲ ಮಲ್ಕೊಂಡಿರ್ಬೇಕು."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

"ಕಂಪ್ಯೂಟರ್ ಖರೆ, ನಾ ಸುಳ್ಳಾ?" ಕರೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮುಂದಿನ ಪಾಳಿ ಬರೂದ್ರೊಳಗ ಇದರ ಬಣ್ಣ ಬಯಲಾಗ್ಬೇಕು. ಇಲ್ಲಂದ್ರ ಕಾಲವಿಗೆ ಅಡ್ಡ ಕುಂದರ್ತೇನಿ. ಯಾರ ನೀರು ಹೆಂಗ ಹೋಗತೈತಿ ನಾನೂ ನೋಡ್ತೇನಿ!"

ಅವಳ ಮಾತಿಗೆ ದನಿ ಸೇರಿಸಿದ್ದು ಪಕ್ಕದ ಹೊಲದ ಗುಲ್ನಾಜ. ಹಾನಗಲ್ಲಿನಲ್ಲಿ ಕಾಲೇಜು ಹುಡುಗಿಯರಿಗೆ ಕಂಪ್ಯೂಟರ್ ಭದ್ರತೆಯ ಪಾಠ ಹೇಳುತ್ತಾಳೆ.

"ಅಧ್ಯಕ್ಷರ, ಪೆನೆಟ್ರೇಷನ್ ಟೆಸ್ಟಿಂಗ್ ಅಂತ ಐತ್ರಿ. ಕಳ್ಳ ಬರೂಕಿಂತ ಮೊದಲ ನಾವ ಕಳ್ಳನಂಗ ಹೊಕ್ಕು, ಎಲ್ಲಿ ಸಂದಿ ಐತಿ, ಎಲ್ಲಿ ಚಿಲಕ ಸಡ್ಲ ಐತಿ ಅಂತ ನೋಡೂದು. ಮೊದಲ ಇದಕ್ಕ ದೊಡ್ಡ ಊರಿಂದ ಮಂದಿ ಕರಸ್ಬೇಕಿತ್ತು. ಈಗ ಎಐ ಏಜೆಂಟ್ ಬಂದಾವ್ರಿ."

"ಸಂತ್ಯಾಗಿನ ಏಜೆಂಟ್ರ ಕಾಟ ಸಾಲವಲ್ದೇನವಾ?" ಪರಮೇಶ್ವರಪ್ಪ ಚುಚ್ಚಿದರು.

"ಇದು ಕಮಿಷನ್ ಕೇಳೂದಿಲ್ರಿ. ಇದೊಂದು ಪ್ರೋಗ್ರಾಮ್. ಒಂದು ಬಾಗ್ಲಾ ದೂಡತೈತಿ. ತೆರೀಲಿಲ್ಲಂದ್ರ ಯಾಕ ತೆರೀಲಿಲ್ಲ ಅಂತ ತಾನ ವಿಚಾರ ಮಾಡಿ ಇನ್ನೊಂದು ದೂಡತೈತಿ. ಮನಷ್ಯಾ ವಾರಗಟ್ಲೆ ಮಾಡೂದನ್ನ ಬೇಗ ಮುಗಸತೈತಿ."

"ಅಂದ್ರ ನಮ್ಮ ಮನಿಗೆ ನಾವ ಕಳ್ಳನ್ನ ಕರೀಬೇಕಾ? ತಲಿ ಕೆಟ್ಟೈತೇನು?"

"ಸಂಘ ಠರಾವು ಮಾಡಿ ಒಪ್ಪಿಗಿ ಕೊಟ್ರಷ್ಟ ಮಾಡೂದ್ರಿ. ಒಪ್ಪಿಗಿ ಇಲ್ದ ಮಾಡಿದ್ರ ಅದು ಅಪರಾಧ. ಏನ ಮುಟ್ಟಬೇಕು, ಏನ ಮುಟ್ಟಬಾರ್ದು ಅಂತ ಮೊದಲ ಗೆರಿ ಹಾಕ್ತೇವಿ. ಕೆರಿ ತೂಬು ಮುಚ್ಚಿ ಕಾಲವಿ ಒಣಗಿದಾಗ ಮಾಡ್ತೇವಿ. ನಾ ಬಾಜೂಕ ಕುಂತಿರ್ತೇನಿ. ಗೆರಿ ದಾಟಿದ್ರ ಅಲ್ಲೇ ನಿಲ್ಲಸ್ತೇನಿ."

ಚನ್ನೇಶ ಲ್ಯಾಪ್‌ಟಾಪ್ ಮುಚ್ಚಿದ. "ಹೊರಗಿನವ್ರು ಕೈ ಹಚ್ಚಿದ್ರ ನಮ್ಮ ಗ್ಯಾರಂಟಿ ಹೋಗತೈತಿ. ಆಮ್ಯಾಲ ನಮ್ಮನ್ನ ಕೇಳಬ್ಯಾಡ್ರಿ."

ಇಂಥ ಒಂದು ಮಾತಿಗೆ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಕರೆವ್ವ ಮುಚ್ಚಿಕೊಳ್ಳಲಿಲ್ಲ.

"ನನ್ನ ಭತ್ತಕ್ಕ ಏನರ ಗ್ಯಾರಂಟಿ ಐತೇನು ತಮ್ಮಾ? ನಿನ್ನ ಬಾಗ್ಲಾ ಗಟ್ಟಿ ಇದ್ರ, ಯಾರರ ದೂಡಿ ನೋಡಿದ್ರ ನಿನಗ್ಯಾಕ ಅಂಜಿಕಿ?"

ಪರಮೇಶ್ವರಪ್ಪ ಹಟವಾದಿ, ಆದರೆ ದಡ್ಡರಲ್ಲ. ಚನ್ನೇಶನ ಕಡೆ ತಿರುಗಿ, "ಹೌದಲೋ, ಯಾಕ ಅಂಜಿಕಿ?" ಎಂದು ಕೇಳಿದರು. ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಎದ್ದ. ಅಂದೇ ಸಂಜೆ ಠರಾವಾಯಿತು.

ಪರೀಕ್ಷೆಯ ದಿನ ತೂಬು ಮುಚ್ಚಿ, ಕಾಲುವೆಯ ದಂಡೆಯಲ್ಲಿ ಊರೇ ನೆರೆದಿತ್ತು. ಗುಲ್ನಾಜ ಏಜೆಂಟಿಗೆ ತನ್ನ ಸದಸ್ಯತ್ವದ ಲಾಗಿನ್ ಒಂದನ್ನೇ ಕೊಟ್ಟು ಬಿಟ್ಟಳು. ತೆರೆಯ ಮೇಲೆ ಅದು ಏನು ಮಾಡುತ್ತಿದೆಯೆಂದು ಸಾಲು ಸಾಲಾಗಿ ಬರತೊಡಗಿತು.

ಮೊದಲ ಹೊಡೆತ ನಮಗೇ ಬಿತ್ತು: ಏಜೆಂಟ್ ನಮ್ಮ ಪಾಸ್‌ವರ್ಡುಗಳನ್ನು ಊಹಿಸಿಬಿಟ್ಟಿತು. ಯಾರೂ ಮರೆಯಬಾರದು ಎಂದು ಎಲ್ಲರ ಪಾಸ್‌ವರ್ಡನ್ನೂ ಅವರವರ ಹೊಲದ ಸರ್ವೆ ನಂಬರೇ ಮಾಡಿದ್ದೆವು. ಅದೇ ನಂಬರನ್ನು ಗೇಟಿನ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಿದ್ದೆವು! ದಾರಿಹೋಕರಿಗೂ ಚಾವಿ ಹಂಚಿದ ಜಾಣರು ನಾವು.

ಆಮೇಲೆ ಏಜೆಂಟ್, ಗುಲ್ನಾಜಳ ಲಾಗಿನ್ ಇಟ್ಟುಕೊಂಡೇ, ತೆರೆದಿದ್ದ ಪರಮೇಶ್ವರಪ್ಪನವರ ಗೇಟನ್ನು ಮುಚ್ಚು ಎಂದಿತು. 'ಇದು ನಿನ್ನ ಗೇಟೇ?' ಎಂದು ಆ್ಯಪ್ ಕೇಳಲೇ ಇಲ್ಲ. ಎಲ್ಲರ ಕಣ್ಣೆದುರಿಗೆ ಗೇಟು ಕರಕರ ಎನ್ನುತ್ತ ಇಳಿಯಿತು. ಅಷ್ಟರಲ್ಲಿ ಅಧ್ಯಕ್ಷರ ಫೋನು ಗುಂಯ್ ಎಂದಿತು. ಅವರು ಗಟ್ಟಿಯಾಗಿ ಓದಿದರು: "ನಿಮ್ಮ ಪಾಳಿಯ ನೀರು ಪೂರ್ತಿ ಕೊಡಲಾಗಿದೆ."

ಅವರು ಒಣ ಕಾಲುವೆಯನ್ನು ನೋಡಿದರು, ಫೋನು ನೋಡಿದರು, ಮತ್ತೆ ಕಾಲುವೆ ನೋಡಿದರು. "ಏ ಚನ್ನೇಶಾ, ನೀರು ಎಲ್ಲಿ ಐತೋ?" ಪಾಳಿಯ ನಡುವೆ ಯಾರು ಗೇಟು ಮುಚ್ಚಿದರೂ ನೀರು ಕೊಟ್ಟಾಯಿತೆಂದು ಆ್ಯಪ್ ಬರೆದುಕೊಳ್ಳುತ್ತಿತ್ತು, ಆಮೇಲೆ ಎಷ್ಟು ಒತ್ತಿದರೂ ಗೇಟು ತೆರೆಯುತ್ತಿರಲಿಲ್ಲ.

ಏಜೆಂಟ್ ಕಾಲುವೆಯ ತುದಿಯ ಕೊನೆಯ ಗೇಟನ್ನೂ ತೆರೆದೆನೆಂದು ಬರೆಯಿತು. ಅಲ್ಲೇ ನಿಂತಿದ್ದ ಕರೆವ್ವ, "ಸುಳ್ಳು! ಅಲುಗಾಡಿಲ್ಲ!" ಎಂದು ಕೂಗಿದಳು. ಗುಲ್ನಾಜ ಹೋಗಿ ಗೇಟು ನೋಡಿ ಬಂದು, ಏಜೆಂಟ್ ಬರೆದ ಆ ಸಾಲನ್ನು ಹೊಡೆದು ಹಾಕಿದಳು. "ಇದೂ ತಪ್ಪು ಮಾಡತೈತ್ರಿ. ಇದು ಹೇಳಿದ್ದನ್ನೂ ಮನಷ್ಯಾ ಕಣ್ಣಾರೆ ನೋಡಿನ ಒಪ್ಪಬೇಕು," ಎಂದಳು.

ಕರೆವ್ವನ ನೀರು ನಿಲ್ಲಿಸಿದವರು ಯಾರೆಂದು ಗೊತ್ತಾಗಲಿಲ್ಲ. ಯಾರು ಯಾವಾಗ ಒತ್ತಿದರು ಎಂಬುದನ್ನು ಆ್ಯಪ್ ಉಳಿಸಿಕೊಳ್ಳುತ್ತಲೇ ಇರಲಿಲ್ಲ. ಅದೂ ಒಂದು ತೂತು ಎಂದು ಏಜೆಂಟೇ ಹೇಳಿತು.

ಕಂಪನಿಯವರು ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸರಿಪಡಿಸಿದರು. ನಾವು ಪಾಸ್‌ವರ್ಡ್ ಬದಲಿಸಿಕೊಂಡೆವು. ಸರಿಯಾಯಿತು ಎಂದು ಬರೀ ಮಾತಿನಲ್ಲಿ ನಂಬಲಿಲ್ಲ, ಏಜೆಂಟನ್ನು ಮತ್ತೆ ಬಿಟ್ಟೆವು. ಈ ಸಲ ಬೇರೆಯವರ ಗೇಟು ಅದಕ್ಕೆ ಬಗ್ಗಲಿಲ್ಲ. ಆ್ಯಪ್ ಬದಲಾದಾಗಲೆಲ್ಲ ಪರೀಕ್ಷೆ ಆಗಲೇಬೇಕೆಂದು ಸಂಘ ತೀರ್ಮಾನಿಸಿತು.

ಪರಮೇಶ್ವರಪ್ಪ ತಮ್ಮ ಪಾಳಿಯನ್ನು ಕರೆವ್ವನಿಗೆ ಬಿಟ್ಟುಕೊಟ್ಟರು. "ಭತ್ತ ಒಣಗೂಕಿಂತ ಮೊದ್ಲ ನೀರು ಹಾಯಿಸ್ಕೋವಾ," ಎಂದರು.

ಕರೆವ್ವ ಫೋನು ಒತ್ತಲಿಲ್ಲ. "ನೀರಷ್ಟ ಕೊಟ್ರ ಆಗೂದಿಲ್ರಿ. ಅವತ್ತು ಎಲ್ಲಾರೂ ಕೂಡಿ ನಕ್ರಿ. ಇವತ್ತು ಎಲ್ಲಾರ ಮುಂದ ಹೇಳ್ರಿ."

ಪರಮೇಶ್ವರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. "ಕರೆವ್ವ ಹೇಳಿದ್ದ ಖರೆ. ಆ್ಯಪ್ ಹೇಳಿದ್ದ ಸುಳ್ಳು. ನಾವು ಮಷೀನ ನಂಬಿ ಮನಷ್ಯಾರನ್ನ ನಂಬಲಿಲ್ಲ. ತಪ್ಪಾತು."

ಆಮೇಲೆ ಅವಳು ಒತ್ತಿದಳು. ನೀರು ತುದಿಯ ಹೊಲದವರೆಗೂ ಹರಿಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹಾನಗಲ್ಲಿನವರಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರಿರಲಿ, ನಿಮ್ಮ ನೀರು, ಹಾಲು, ರೇಷನ್, ಆಸ್ಪತ್ರೆಯ ಚೀಟಿ ಎಲ್ಲವೂ ಈಗ ಫೋನಿನೊಳಗೆ ಹೊಕ್ಕಿವೆ. ಒಪ್ಪಿಗೆ ಇಲ್ಲದೆ ಬೇರೆಯವರದಕ್ಕೆ ಕೈ ಹಾಕಬೇಡಿ. ನಿಮ್ಮದನ್ನು ಪರೀಕ್ಷಿಸದೆ ಬಿಡಲೂಬೇಡಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ: "ಇದನ್ನು ಕಳ್ಳನ ಹಾಗೆ ಹೊಕ್ಕು ನೋಡಿದವರು ಯಾರು? ಏನು ಸಿಕ್ಕಿತು? ಸರಿಪಡಿಸಿದ್ದೀರಾ?" ನಿಮಗೇನು ತಿಳಿಯುತ್ತದೆ ಎಂದು ಯಾರಾದರೂ ನಕ್ಕರೆ ನಗಲಿ. ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿ.