ಎಡಕ್ಕೆ ತಿರುಗಿದಾಗ

ಮೆಕ್ಯಾನಿಕ್ ನನ್ನ ವ್ಯಾನನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ನನ್ನನ್ನು ದಾಟಿ ಹೋಗಿ, ಕೀಲಿಯನ್ನು ನನ್ನ ಗಂಡನ ಕೈಗೆ ಕೊಟ್ಟ.

"ಏನೂ ಇಲ್ಲಣ್ಣ. ಕುದುರೆ ಥರ ಓಡ್ತಿದೆ. ಹಳೇ ಗಾಡಿ, ಸ್ವಲ್ಪ ಕೆಮ್ಮುತ್ತೆ ಅಷ್ಟೆ."

"ನಾನೂ ಅದನ್ನೇ ಹೇಳಿದ್ದು. ಇವಳು ನಲ್ಲಿ ತೊಟ್ಟಿಕ್ಕಿದ್ರೂ ಎದ್ದು ಕೂರ್ತಾಳೆ," ಎಂದರು ಇವರು. ಇಬ್ಬರೂ ನಕ್ಕರು.

ಆ ವ್ಯಾನನ್ನು ದಿನಾ ಓಡಿಸುವವಳು ನಾನು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ಅವರವರ ಮನೆಗೆ ಮುಟ್ಟಿಸುತ್ತೇನೆ. ಕೆಲವು ದಿನಗಳಿಂದ ಹಿಂದುಗಡೆ, ಬಲಚಕ್ರದ ಹತ್ತಿರ, ಬೀಸುಕಲ್ಲಿಗೆ ಮರಳು ಹಾಕಿ ಬೀಸಿದಂಥ ಸದ್ದು. ಅದೂ ಗಾಡಿ ತುಂಬ ಮಕ್ಕಳಿದ್ದು, ಸೇತುವೆ ಇಳಿದು ಎಡಕ್ಕೆ ತಿರುಗುವಾಗ ಮಾತ್ರ. ಖಾಲಿಯಿದ್ದರೆ ಚಕಾರವೆತ್ತುವುದಿಲ್ಲ. ಇಷ್ಟನ್ನೂ ಮನೆಯಲ್ಲಿ ಹೇಳಿದ್ದೆ. ಇವರು ಗ್ಯಾರೇಜಿಗೆ ಬಂದು, ತಾವೇ ಕೇಳಿಸಿಕೊಂಡವರಂತೆ, "ಎಂಜಿನ್ ಹತ್ತಿರ ಏನೋ ಸದ್ದು" ಎಂದಿದ್ದರು. ಮೊದಲು ಎಂಜಿನ್ನಿನ ಕೆಳಗಿನ ರಬ್ಬರು ಬದಲಾಯಿತು. ಆಮೇಲೆ ಬೆಲ್ಟು. ಎಲ್ಲಿ, ಯಾವಾಗ ಎಂದು ಆ ಮೆಕ್ಯಾನಿಕ್ ಒಮ್ಮೆಯೂ ನನ್ನ ಮುಖ ನೋಡಿ ಕೇಳಲಿಲ್ಲ.

ಡಾಕ್ಟರ ಎದುರು ನನ್ನ ಸೊಂಟನೋವನ್ನೂ ಇವರೇ ವಿವರಿಸುತ್ತಾರೆ. ಆಗೆಲ್ಲ ಹಲ್ಲು ಕಚ್ಚಿ ಕೂತಿದ್ದೇನೆ. ಸೊಂಟ ನನ್ನದು, ಹೇಗೋ ನಡೆಯುತ್ತದೆ. ಗಾಡಿಯಲ್ಲಿ ಕೂರುವುದು ಬೇರೆಯವರ ಮನೆಯ ಮಕ್ಕಳು.

ಇವರ ಕೈಯಿಂದ ಕೀಲಿ ಕಿತ್ತುಕೊಂಡೆ.

"ಹತ್ತಿ, ಇಬ್ರೂ. ಹಿಂದಿನ ಸೀಟಿಗೆ."

"ಏನಾಗಿದೆ ನಿನಗೆ? ಜನ ನೋಡ್ತಾರೆ."

"ನೋಡ್ಲಿ."

ಪಕ್ಕದ ಟೈರಿನ ಅಂಗಡಿಯವನು ತನ್ನ ದಪ್ಪನೆಯ ಭಾವಮೈದುನನ ಜೊತೆ ತಮಾಷೆ ನೋಡಲು ಬಂದಿದ್ದ. ಗಾಡಿಗೆ ಭಾರ ಬೇಕಿತ್ತು. ಅವರನ್ನೂ ಹತ್ತಿಸಿದೆ. ಮಕ್ಕಳ ಸೀಟಿನಲ್ಲಿ ನಾಲ್ವರು ಗಂಡಸರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು.

"ನಾನು ಹೋಮ್‌ವರ್ಕ್ ಮಾಡಿಲ್ಲ ಅಕ್ಕ," ಎಂದ ಭಾವಮೈದುನ. ನನಗೆ ನಗು ಬರಲಿಲ್ಲ.

ಸೇತುವೆ ಇಳಿದು ಎಡಕ್ಕೆ ತಿರುಗಿಸಿದೆ. ಗರಗರ.

"ಇನ್ನೊಂದ್ಸಲ," ಎಂದ ಮೆಕ್ಯಾನಿಕ್, ದನಿ ತಗ್ಗಿಸಿ. ಮತ್ತೆ ತಿರುಗಿಸಿದೆ. ಅವನು ಬಗ್ಗಿ ಸೀಟಿನ ಕೆಳಗಿನ ತಗಡಿಗೆ ಅಂಗೈ ಒತ್ತಿ ಹಿಡಿದಿದ್ದ.

ಗ್ಯಾರೇಜಿಗೆ ಮರಳಿ, ಜಾಕ್ ಕೊಟ್ಟು, ಹಿಂದಿನ ಬಲಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಬೀಳುವ ಹಲ್ಲಿನಂತೆ ಅಲ್ಲಾಡಿತು.

"ಬೇರಿಂಗ್ ಪೂರ್ತಿ ಹೋಗಿದೆ ಅಣ್ಣ," ಎಂದು ಆಗಲೂ ಇವರಿಗೇ ಹೇಳಿದ. "ಹೀಗೇ ಓಡಿಸಿದ್ರೆ ಚಕ್ರಾನೇ ಕಳಚ್ಕೊಳ್ಳುತ್ತೆ."

"ಓಡ್ಸೋದು ನಾನು. ನನಗೆ ಹೇಳಿ."

ಅವನು ನನ್ನ ಕಡೆ ತಿರುಗಿದ. "ಸಾಮಾನು ತರಿಸ್ಬೇಕು ಅಕ್ಕ. ನಾಳೆ ಸಂಜೆ ಆಗುತ್ತೆ."

"ನಾಳೆ ಬೆಳಿಗ್ಗೆ ಒಂದು ಟ್ರಿಪ್ ನಿಧಾನಕ್ಕೆ ಹೊಡಿ," ಎಂದರು ಇವರು. "ಇಷ್ಟು ದಿನ ಓಡಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಈಗಷ್ಟೇ ಆ ಚಕ್ರದ ಮೇಲೆ ಕೂತು ಬಂದಿದ್ದರು. ಜಗಳವಾಡಿದರೆ ಸಂಜೆಯೇ ಮುಗಿದುಹೋಗುತ್ತಿತ್ತು. ಫೋನು ತೆಗೆದು ಮಕ್ಕಳ ಮನೆಗಳಿಗೆ ಕರೆ ಮಾಡತೊಡಗಿದೆ. ನಾಳೆ ವ್ಯಾನು ಬರುವುದಿಲ್ಲ, ಚಕ್ರ ಅಲ್ಲಾಡುತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಚಕ್ರದ ವಿಷ್ಯ ಎಲ್ಲ ಯಾಕೆ ಊರಿಗೆ ಸಾರ್ತೀಯ? ಹುಷಾರಿಲ್ಲ ಅಂದ್ರೆ ಸಾಕು. ಕೊಡು ಇಲ್ಲಿ, ನಾನು ಮಾತಾಡ್ತೀನಿ," ಎಂದು ಇವರು ಕೈ ಚಾಚಿದರು.

ನಾನು ಗೋಡೆಯ ಕಡೆ ತಿರುಗಿ ಮುಂದಿನ ನಂಬರು ಒತ್ತಿದೆ.